ಟಾರ್ಗೆಟ್ ನಡುವೆ ದೇವರು

ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಊಟದ ಡಬ್ಬಿ ತೆರೆಸಿ ನೋಡಬಹುದು, ಬ್ಯಾಗು ಜಾಲಾಡಬಹುದು, ಮೊಬೈಲು ಕಿತ್ತಿಟ್ಟುಕೊಳ್ಳಬಹುದು. ದೇವರನ್ನು ಮಾತ್ರ ಗೇಟಿನಲ್ಲಿ ನಿಲ್ಲಿಸೋದು ಯಾವ ಸೆಕ್ಯೂರಿಟಿಯವನ ಕೈಲೂ ಆಗಲ್ಲ. ಅವನು ಹೇಗೋ ಒಳಗೆ ಬಂದೇ ಬರ್ತಾನೆ. ಬಂದ ಮೇಲೆ ವಾರಕ್ಕೊಂದು ಫಜೀತಿ ಆಗದೆ ಇರಲ್ಲ.

ನಾನು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಫ್ಯಾಕ್ಟರಿಯಲ್ಲಿ ವೆಲ್ಫೇರ್ ಆಫೀಸರ್. ಅಲ್ಲಿ ಮೂರು ಅಂತಸ್ತಿನಲ್ಲಿ ಶರ್ಟು ಹೊಲೀತಾರೆ. ಹೊಲಿಯೋರೆಲ್ಲ ಹೆಚ್ಚೂಕಮ್ಮಿ ಹೆಂಗಸರೇ. ಅವರ ಊಟ, ನೀರು, ಜ್ವರ, ಮಕ್ಕಳ ಪಾಲನಾ ಕೋಣೆ, ಜಗಳ, ಕಣ್ಣೀರು ಇವೆಲ್ಲ ನನ್ನ ಖಾತೆ. ಬೆಳಿಗ್ಗೆ ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬರುವಾಗ ಇವತ್ತು ಯಾರ ಜೊತೆ ವಾದ ಮಾಡ್ಬೇಕು ಅಂತ ಮನಸ್ಸಿನಲ್ಲೇ ಪಟ್ಟಿ ಹಾಕ್ಕೊಂಡು ಬರ್ತೀನಿ. ನಾನು ಸ್ವಲ್ಪ ಹಟದವಳು. ನಮ್ಮ ಯಜಮಾನರನ್ನ ಕೇಳಿದರೆ ಆ ‘ಸ್ವಲ್ಪ’ ಅನ್ನೋದನ್ನ ಹೊಡೆದುಹಾಕ್ತಾರೆ.

ಸೂಜಿ ಮುರಿದ ವಾರ

ಹೊಸ ಪ್ರೊಡಕ್ಷನ್ ಮ್ಯಾನೇಜರ್ ಬಂದರು. ಎಲ್ಲರೂ ಅವರನ್ನ ಪಿ.ಎಂ. ಸಾರ್ ಅಂತಾರೆ. ಓದಿದವರು, ಕೆಟ್ಟವರೇನಲ್ಲ, ಆದರೆ ಮಾತಿಗೊಂದು ‘ಲಾಜಿಕ್’ ಬೇಕು ಅವರಿಗೆ. ಟೀ ಯಾಕೆ ತಣ್ಣಗಿದೆ ಅಂತ ಕೇಳೋವಾಗಲೂ “ಇದರ ಲಾಜಿಕ್ ಏನು?” ಅಂತಲೇ ಕೇಳೋದು.

ಶರ್ಟು ಕೊಳ್ಳೋ ವಿದೇಶದವರು ಆಡಿಟ್‌ಗೆ, ಅಂದ್ರೆ ತಪಾಸಣೆಗೆ, ಬರ್ತಾರೆ ಅಂತ ಸುದ್ದಿ ಬಂತು. ಪಿ.ಎಂ. ಸಾರ್ ಒಂದು ರೌಂಡು ಹೊಡೆದರು. ನೋಡ್ತಾರೆ, ಮಷಿನ್ ಮಷಿನ್‌ಗೂ ಒಂದೊಂದು ದೇವರು. ಕಾಲರ್ ಹೊಲಿಯುವ ದೊಡ್ಡಮ್ಮ ಅಲ್ಲಿಗೆಲ್ಲ ಹಿರಿಯಳು, ಫ್ಯಾಕ್ಟರಿ ಶುರುವಾದಾಗಿನಿಂದ ಇರೋಳು, ಎಲ್ಲರಿಗೂ ದೊಡ್ಡಮ್ಮನೇ. ಅವಳ ದಾರದ ಸ್ಟ್ಯಾಂಡಿನ ಹಿಂದೆ ಪೋಸ್ಟ್ ಸ್ಟಾಂಪಿನಷ್ಟು ದೊಡ್ಡ ಮನೆದೇವರ ಪಟ. ಪಕ್ಕದ ಮಷಿನ್ನಿನವಳು ಎಲ್ಲರಿಗೂ ಆಪಾ, ಅಂದ್ರೆ ಅಕ್ಕ; ಅವಳು ಅಷ್ಟೇ ಅಗಲದ ಒಂದು ಹಸಿರು ಸ್ಟಿಕ್ಕರ್ ಅಂಟಿಸಿದ್ದಳು.

“ಎಲ್ಲ ತೆಗೀರಿ. ಮಷಿನ್ ಮೇಲೆ ಎಣ್ಣೆ ಬಿಟ್ಟು ಇನ್ನೇನೂ ಇರಬಾರದು,” ಅಂದರು.

“ಸಾರ್, ಸ್ಟಾಂಪಿನಷ್ಟು ಜಾಗ. ಅವರಿಗೆ ಅದೊಂದು ಧೈರ್ಯ,” ಅಂದೆ.

“ಮೇಡಂ, ಲಾಜಿಕ್ ಹೇಳಿ, ಬಿಟ್ಬಿಡ್ತೀನಿ.”

ಧೈರ್ಯಕ್ಕೆ ಏನು ಲಾಜಿಕ್ ಹೇಳೋದು? ಎಲ್ಲ ದೇವರನ್ನೂ ಒಂದು ಬಿಸ್ಕತ್ ಡಬ್ಬಿಗೆ ಹಾಕಿ, ಒಬ್ಬೊಬ್ಬರ ಹೆಸರು ಚೀಟಿಯಲ್ಲಿ ಬರೆದು, ನನ್ನ ಮೇಜಿನ ಡ್ರಾಯರ್‌ನಲ್ಲಿ ಜೋಪಾನವಾಗಿ ಇಟ್ಟೆ.

ಮಧ್ಯಾಹ್ನದಿಂದಲೇ ಸೂಜಿ ಮುರಿಯೋಕೆ ಶುರುವಾಯ್ತು. ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿಯೋದು ಸಣ್ಣ ವಿಷಯ ಅಲ್ಲ. ಮುರಿದ ಚೂರು ಶರ್ಟಿನೊಳಗೆ ಹೋದರೆ ಹಾಕ್ಕೊಂಡವರಿಗೆ ಚುಚ್ಚುತ್ತೆ. ಹಾಗಾಗಿ ಪ್ರತಿ ಚೂರನ್ನೂ ನೆಲದ ಮೇಲೆ ತೆವಳಿ ಹುಡುಕಿ, ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಬೇಕು. ಚೂರು ಸಿಗೋವರೆಗೆ ಆ ಸಾಲಿನ ಮಷಿನ್‌ಗಳೆಲ್ಲ, ಅಂದ್ರೆ ಇಡೀ ಲೈನ್, ನಿಲ್ಲಬೇಕು. ಮಾರನೇ ದಿನ ಇನ್ನಷ್ಟು ಮುರಿದವು. ಮೂರನೇ ದಿನ ಪಿ.ಎಂ. ಸಾರ್ ಖುದ್ದಾಗಿ ಟೇಬಲ್ ಕೆಳಗೆ ತೂರಿ ಟಾರ್ಚ್ ಹಿಡ್ಕೊಂಡು ಚೂರು ಹುಡುಕ್ತಾ ಇದ್ದರು. ಸೂಪರ್‌ವೈಸರ್ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

ಸಂಜೆ ಅವರು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದರು.

“ಮೇಡಂ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ.”

“ಗೊತ್ತು ಸಾರ್.”

“ಸುಮ್ನೆ ಒಂದು ಇನ್ಫಾರ್ಮೇಷನ್‌ಗೆ ಕೇಳ್ತಾ ಇದೀನಿ. ಸೂಜಿಗೆ ಯಾವ ದೇವರು?”

ನನಗೆ ಗೊತ್ತಿಲ್ಲ ಅಂದೆ. ಬೆಳಿಗ್ಗೆ ಬಂದು ನೋಡಿದರೆ ಎರಡನೇ ಲೈನಿನ ಮೊದಲ ಮಷಿನ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡ್ತಾ ಇದೆ! ಹೆಂಗಸರೆಲ್ಲ ಸುತ್ತ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಾರೆ. ದೊಡ್ಡಮ್ಮ ಒಂದು ಸೂಜಿಯ ಪ್ಯಾಕೆಟ್ ಹಿಡ್ಕೊಂಡು ನೇರವಾಗಿ ಪಿ.ಎಂ. ಮುಂದೆ ನಿಂತಳು.

“ಸಾರ್, ಇದು ಹನ್ನೊಂದನೇ ನಂಬರ್ ಸೂಜಿ. ತೆಳು ಬಟ್ಟೇದು. ನಾವು ಹೊಲೀತಿರೋದು ದಪ್ಪ ಬಟ್ಟೆ. ಹದಿನಾಲ್ಕನೇ ನಂಬರ್ ಬೇಕು. ಸ್ಟೋರಿನವರು ತಪ್ಪು ಕೊಟ್ಟಿದಾರೆ. ಮೂರು ದಿನದಿಂದ ಸೂಪರ್‌ವೈಸರ್‌ಗೆ ಹೇಳ್ತಾನೇ ಇದೀನಿ.”

ಪಿ.ಎಂ. ಸಾರ್ ಮುಖ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ದೊಡ್ಡಮ್ಮ ಮೆಲ್ಲಗೆ ಆ ದಾರ ಬಿಚ್ಚಿ ಅವರ ಕೈಗೆ ಕೊಟ್ಟಳು.

“ದೇವರನ್ನ ಕೇಳೋದನ್ನ ದೇವರನ್ನ ಕೇಳ್ಬೇಕು, ಸ್ಟೋರಿನವರನ್ನ ಕೇಳೋದನ್ನ ಸ್ಟೋರಿನವರನ್ನೇ ಕೇಳ್ಬೇಕು. ಸ್ವಲ್ಪ ಲಾಜಿಕ್ ಬೇಡ್ವಾ ಸಾರ್?”

ಕಣ್ಣು ಮುಚ್ಚಿ, ಉಸಿರು ಬಿಡಿ

ಹೆಡ್ ಆಫೀಸಿನವರಿಗೆ ಯಾರೋ ಹೇಳಿದರಂತೆ, ಕೆಲಸಗಾರರ ಮನಸ್ಸಿನ ಆರೋಗ್ಯ ನೋಡ್ಕೋಬೇಕು ಅಂತ. ಒಳ್ಳೇ ಮಾತೇ. ಒಬ್ಬ ತರಬೇತುದಾರರನ್ನ ಕಳಿಸಿದರು. ಕೆನ್ನೆಗೆ ಅಂಟಿಕೊಂಡ ಮೈಕು, ಬಿಳೀ ಶೂಸು, ಗೋಡೆ ಮೇಲೆ ಬೀಳೋ ಚಿತ್ರ. ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿದರು.

“ಎಲ್ಲರೂ ಕಣ್ಣು ಮುಚ್ಚಿ. ಉಸಿರು ನಿಧಾನಕ್ಕೆ ಬಿಡಿ. ನೀವೀಗ ಸಮುದ್ರದ ದಡದಲ್ಲಿ ಇದೀರಿ. ತಣ್ಣನೆ ಗಾಳಿ...”

ಬೆಳಗಿನ ಜಾವ ಎದ್ದು, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಊರಂಚಿನ ಉಲ್ಲಾಳದಿಂದ ಬಸ್ಸಿನಲ್ಲಿ ನಿಂತ್ಕೊಂಡೇ ಬಂದ ಹೆಂಗಸರು. ಕಣ್ಣು ಮುಚ್ಚಿ ಅಂತ ಅವರಿಗೆ ಹೇಳೋದು ಸುಲಭ, ಆಮೇಲೆ ತೆರೀರಿ ಅನ್ನೋದು ಕಷ್ಟ. ಐದು ನಿಮಿಷಕ್ಕೆ ಮೂರನೇ ಸಾಲಿನಿಂದ ಒಂದು ಗೊರಕೆ ಹೊರಟಿತು. ಏಳನೇ ನಿಮಿಷಕ್ಕೆ ಐದನೇ ಸಾಲಿನಿಂದ ಅದಕ್ಕೆ ಉತ್ತರ ಬಂತು. ತರಬೇತುದಾರರು ನನ್ನ ಕಡೆ ತಿರುಗಿ ಖುಷಿಯಿಂದ, “ನೋಡಿ ಮೇಡಂ, ಎಷ್ಟು ಬೇಗ ಧ್ಯಾನಕ್ಕೆ ಇಳಿದ್ರು! ಬೇರೆ ಕಂಪನಿಗಳಲ್ಲಿ ಇಷ್ಟು ಆಳಕ್ಕೆ ಯಾರೂ ಹೋಗಲ್ಲ,” ಅಂದರು.

ಎಲ್ಲರನ್ನೂ ಎಬ್ಬಿಸಿದ ಮೇಲೆ ಪ್ರಶ್ನೋತ್ತರ. “ಟೆನ್ಷನ್ ಆದಾಗ ನೀವು ಏನ್ ಮಾಡ್ತೀರಿ? ಓಪನ್ ಆಗಿ ಹೇಳಿ.”

ದೊಡ್ಡಮ್ಮ ಎದ್ದು ನಿಂತಳು. “ದೇವರಿಗೆ ಬೈತೀನಿ ಸಾರ್.”

“ಬೈತೀರಾ? ಪ್ರಾರ್ಥನೆ ಮಾಡ್ತೀರಾ ಅಂತಲ್ವಾ?”

“ಬೆಳಿಗ್ಗೆ ಪ್ರಾರ್ಥನೆ ಮಾಡ್ತೀನಿ. ಮಧ್ಯಾಹ್ನ ಟಾರ್ಗೆಟ್ ಹಾಕಿದ ಮೇಲೆ ಬೈತೀನಿ.”

“ದೇವರಿಗೆ ಬೇಜಾರಾಗಲ್ವಾ ಅಮ್ಮ?”

“ಆಗಲ್ಲ ಸಾರ್. ಸೂಪರ್‌ವೈಸರ್‌ಗೆ ಬೈದ್ರೆ ಮೆಮೋ ಕೊಡ್ತಾನೆ. ದೇವರು ಇವತ್ತಿನವರೆಗೂ ಒಂದೇ ಒಂದು ಮೆಮೋ ಕೊಟ್ಟಿಲ್ಲ.”

ಅರ್ಧ ದಿನದ ಉಪವಾಸ

ರಂಜಾನ್ ತಿಂಗಳು ಬಿರು ಬೇಸಿಗೆಯಲ್ಲಿ ಬಿದ್ದಿತ್ತು. ನಡುವೆ ಏಕಾದಶಿಯೂ ಬಂತು. ಇಸ್ತ್ರಿ ವಿಭಾಗದಲ್ಲಿ ಆ ಹಬೆಯ ನಡುವೆ ಒಂದೇ ವಾರದಲ್ಲಿ ಇಬ್ಬರು ತಲೆ ಸುತ್ತಿ ಬಿದ್ದರು. ಒಬ್ಬಳದ್ದು ರಂಜಾನಿನ ರೋಜಾ ಉಪವಾಸ, ಇನ್ನೊಬ್ಬಳದ್ದು ಏಕಾದಶಿ ಉಪವಾಸ. ನಾನು ಅವತ್ತೇ ನಿರ್ಧಾರ ಮಾಡಿದೆ, ಉಪವಾಸ ಇರೋರನ್ನ ಮಧ್ಯಾಹ್ನದ ಮೇಲೆ ಇಸ್ತ್ರಿ ಹತ್ತಿರ ನಿಲ್ಲಿಸಬಾರದು, ಕೂತು ಮಾಡೋ ಕೆಲಸ ಕೊಡಬೇಕು ಅಂತ. ಅದಕ್ಕೆ ಒಂದು ಉಪವಾಸದ ಪುಸ್ತಕ ಮಾಡಿ ಹೆಸರು ಬರೆಯೋಕೆ ಲೈನ್ ಲೈನ್ ಸುತ್ತಿದೆ.

ಮೊದಲು ಎದುರಾದವನು ಕ್ಯಾಂಟೀನ್ ಅಣ್ಣ. “ಮೇಡಂ, ಆಪಾ ಅವರ ಉಪವಾಸ ಬಂಗಾರದಂಥದ್ದು. ನೀರು ಸಹ ಕೇಳಲ್ಲ. ಈ ಏಕಾದಶಿಯವರದ್ದೇ ನನಗೆ ತಲೆನೋವು. ಒಬ್ಬರಿಗೆ ಸಾಬಕ್ಕಿ ಉಪ್ಪಿಟ್ಟು, ಒಬ್ಬರಿಗೆ ಅವಲಕ್ಕಿ, ಒಬ್ಬರಿಗೆ ಹಣ್ಣು ಹಾಲು. ದಿನಾ ಒಂದು ಅಡುಗೆ ಮಾಡ್ತೀನಿ, ಯಾರೂ ಊಟ ಮಾಡಲ್ಲ ಅನ್ನೋ ದಿನ ನಾಲ್ಕು ಅಡುಗೆ ಮಾಡ್ಬೇಕು!”

ಪಟ್ಟಿ ತಗೊಂಡು ಪಿ.ಎಂ. ಸಾರ್ ಹತ್ರ ಹೋದೆ. ಆಪಾ, ದೊಡ್ಡಮ್ಮ ಇಬ್ಬರೂ ಸಾಕ್ಷಿಗೆ ಬಂದರು.

“ಉಪವಾಸ ಇದಾರೆ ಅನ್ನೋದಕ್ಕೆ ಪ್ರೂಫ್ ಏನು ಮೇಡಂ? ನಾಳೆ ಎಲ್ಲರೂ ಉಪವಾಸ ಅಂದ್ರೆ?”

ನನಗೆ ರೇಗಿಹೋಯ್ತು. “ಬಿದ್ದಿದ್ದಾರಲ್ಲ ಸಾರ್, ಅದೇ ಪ್ರೂಫು. ಇನ್ನೂ ಎಷ್ಟು ಜನ ಬೀಳಬೇಕು?”

ಆಪಾ ಸಮಾಧಾನದಿಂದ, “ಸಾರ್, ಕೋಪ ಮಾಡ್ಕೋಬೇಡಿ. ನೀವೇ ಒಂದು ದಿನ ಇದ್ದು ನೋಡಿ. ಆಮೇಲೆ ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ,” ಅಂದಳು.

“ಅದೇನ್ ಮಹಾ! ನಾಳೆ ಇರ್ತೀನಿ,” ಅಂದರು ಪಿ.ಎಂ. ಸಾರ್.

ಮಾರನೇ ದಿನ ಒಂಬತ್ತಕ್ಕೆ ಬಂದಾಗ ಮುಖದಲ್ಲಿ ಕಳೆ ಇತ್ತು. ಹತ್ತು ಗಂಟೆಗೆ ಎರಡು ಸಲ ಗಡಿಯಾರ ನೋಡಿದರು. ಹತ್ತೂವರೆಗೆ ಯಾವುದೋ ಕಾಲರ್ ಸರಿಯಿಲ್ಲ ಅಂತ ಕೂಗಾಡಿದರು. ಆ ಕಾಲರ್ ಸರಿಯಾಗೇ ಇತ್ತು. ಹನ್ನೊಂದೂವರೆಗೆ ಅವರ ಕ್ಯಾಬಿನ್ ಬಾಗಿಲು ಮುಚ್ಚಿತು. ಬಾಗಿಲ ಸಂದಿಯಿಂದ ಉದ್ದಿನವಡೆ ವಾಸನೆ ಇಡೀ ಲೈನಿಗೆ ಹರಡಿತು. ಆಪಾ ಮಷಿನ್ ಮೇಲಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಪಟ್ಟಿ ತಗೊಂಡು ಬಾಗಿಲು ತಟ್ಟಿದೆ. ಬಾಯಿ ಒರೆಸಿಕೊಂಡು ಸಹಿ ಹಾಕಿದರು. ಅವತ್ತಿನಿಂದ ಇವತ್ತಿನವರೆಗೂ ಉಪವಾಸದವರು ಮಧ್ಯಾಹ್ನದ ಮೇಲೆ ಇಸ್ತ್ರಿ ಹತ್ತಿರ ನಿಂತಿಲ್ಲ.

ಸಹಿ ಮಾಡಿದ ಪಟ್ಟಿ ತೋರಿಸೋಕೆ ಆಪಾ ಹತ್ರ ಹೋದರೆ ಅವಳು ಸೂಜಿಗೆ ದಾರ ಪೋಣಿಸ್ತಾ ಹೇಳಿದಳು: “ಮೇಡಂ, ಪುಸ್ತಕದಲ್ಲಿ ಸಾರ್ ಹೆಸರೂ ಬರ್ಕೊಳ್ಳಿ. ಪಾಪ, ಹಾಫ್ ಡೇ ಅಂತ ಹಾಕಿ.”

ಏನೂ ಇಲ್ಲದ ಕೋಣೆ

ದೊಡ್ಡಮ್ಮನ ಗಂಡ ತೀರಿಕೊಂಡರು. ಕಾರ್ಯವೆಲ್ಲ ಮುಗಿಸಿ ಬಂದು ಮಷಿನ್ ಮುಂದೆ ಕೂತಳು. ಮಾತು ಕಮ್ಮಿಯಾಗಿತ್ತು, ಕಾಲರ್ ಮಾತ್ರ ಎಂದಿನ ಹಾಗೆ ಬರ್ತಿತ್ತು. ಒಂದು ದಿನ ಅವಳ ಮಷಿನ್ ಖಾಲಿ. ಸೂಪರ್‌ವೈಸರ್ ಅವಳ ಹೆಸರು ಹಿಡಿದು ಕೂಗ್ತಾ ಇಡೀ ಫ್ಲೋರ್ ಸುತ್ತಿದ. ನಾನು ಹುಡುಕ್ತಾ ಎರಡನೇ ಮಹಡಿಯ ಸ್ಟೋರಿಗೆ ಹೋದೆ. ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ, ಆಡಿಟ್ ಮುಗಿದ ಮೇಲೆ ನಾನು ವಾಪಸ್ ಕೊಟ್ಟಿದ್ದ ಆ ಸ್ಟಾಂಪಿನಷ್ಟು ಪಟವನ್ನ ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

ಪಕ್ಕದಲ್ಲಿ ಕೂತೆ. “ಅಳ್ಬೇಕು ಅನ್ಸಿದ್ರೆ ನನ್ನ ಕೋಣೆಗೆ ಬರಬಾರದಾ ದೊಡ್ಡಮ್ಮ?”

“ಅಳೋಕಲ್ಲ ಮೇಡಂ. ಹತ್ತು ನಿಮಿಷ ಯಾರೂ ನನ್ನ ಹೆಸರು ಕರೀದೇ ಇರೋ ಜಾಗ ಬೇಕಾಗಿತ್ತು. ಮನೇಲಿ ಇರೋದು ಒಂದೇ ಕೋಣೆ, ಮಗ, ಸೊಸೆ, ಮಕ್ಕಳು. ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ. ದೇವಸ್ಥಾನಕ್ಕೆ ಹೋಗೋಷ್ಟರಲ್ಲಿ ಬಾಗಿಲು ಹಾಕಿರ್ತಾರೆ. ಈ ದೇವರ ಹತ್ರ ಎರಡು ಮಾತಾಡ್ಬೇಕು ಅಂದ್ರೆ ಎಲ್ಲಿಗೆ ಹೋಗ್ಲಿ?”

ಇಷ್ಟು ದೊಡ್ಡ ಕಟ್ಟಡದಲ್ಲಿ ಗುಂಡಿಗಳಿಗೆ ಬೇರೆ ಕೋಣೆ ಇದೆ, ಲೇಬಲ್‌ಗಳಿಗೆ ಬೇರೆ ಕೋಣೆ ಇದೆ. ಒಬ್ಬ ಹೆಂಗಸು ಹತ್ತು ನಿಮಿಷ ಸುಮ್ಮನೆ ಕೂರೋಕೆ ಪೆಟ್ಟಿಗೆ ಸಂದಿ ಹುಡುಕಬೇಕು. ಇದನ್ನ ಸರಿ ಮಾಡದೆ ನಾನು ಈ ಕೆಲಸದಲ್ಲಿ ಇರಲ್ಲ ಅಂತ ಆ ಪೆಟ್ಟಿಗೆಗಳ ನಡುವೆ ಕೂತೇ ತೀರ್ಮಾನ ಮಾಡಿದೆ.

ನಮ್ಮ ಮಾಲೀಕರು ವಯಸ್ಸಾದವರು, ರಾಜಾಜಿನಗರದವರು. ದಿನಾ ಎರಡು ಗಂಟೆ ಪೂಜೆ ಮಾಡಿಯೇ ಹಣೆ ತುಂಬ ವಿಭೂತಿ ಹಚ್ಕೊಂಡು ಫ್ಯಾಕ್ಟರಿಗೆ ಬರೋದು. ಸೋಮವಾರ ಅವರ ಮುಂದೆ ನಿಂತೆ.

“ಸಾರ್, ಒಂದು ದಿನ ಪೂಜೆ ಮಾಡದೇ ಬಂದ್ರೆ ನಿಮಗೆ ಹೇಗಾಗುತ್ತೆ?”

“ತಲೆ ಕೆಟ್ಟು ಹೋಗುತ್ತಮ್ಮ.”

“ಹೊಲಿಯೋ ಹೆಂಗಸರಿಗೂ ತಲೆ ಇದೆ ಸಾರ್. ಹತ್ತು ನಿಮಿಷ ದೇವರನ್ನ ನೆನೆದು ಕೂರೋಕೆ ಸ್ಟೋರಿನ ಪಕ್ಕದ ಕೋಣೆ ಕೊಡಿ.”

“ಬೇಡಮ್ಮ. ಇವತ್ತು ಕೋಣೆ ಅಂತೀರ, ನಾಳೆ ನಮ್ಮ ದೇವರು ನಿಮ್ಮ ದೇವರು ಅಂತ ಜಗಳ ಶುರುವಾಗುತ್ತೆ.”

ಮುಂದಿನ ಸೋಮವಾರವೂ ಹೋದೆ. ಅದರ ಮುಂದಿನ ಸೋಮವಾರವೂ. ಕೊನೆಗೆ ನನ್ನ ಸ್ಕೂಟರ್ ಸದ್ದು ಕೇಳಿದರೇ ಅವರು ಬಿ.ಪಿ. ಮಾತ್ರೆ ಹುಡುಕೋ ಹಾಗಾಯ್ತು. “ಎಲ್ಲರೂ ಒಪ್ಪಿ ಒಂದೇ ಮಾತು ಹೇಳಿದ್ರೆ ಕೊಡ್ತೀನಿ, ಹೋಗಮ್ಮ,” ಅಂದರು. ಎಲ್ಲರೂ ಒಪ್ಪೋದು ಈ ಜನ್ಮದಲ್ಲಿ ಆಗಲ್ಲ ಅನ್ನೋ ಧೈರ್ಯ ಅವರಿಗೆ.

ಊಟದ ಹೊತ್ತಲ್ಲಿ ಮೀಟಿಂಗ್ ಕರೆದೆ. ದೊಡ್ಡಮ್ಮನ ಕಡೆಯವರು ಪೂರ್ವದ ಗೋಡೆಗೆ ಒಂದು ಪಟ, ಒಂದು ದೀಪ ಅಂದರು. ಬಟ್ಟೆ ಫ್ಯಾಕ್ಟರಿಯಲ್ಲಿ ದೀಪ ಹಚ್ಚೋ ಹಾಗಿಲ್ಲ ಅಂದೆ. ಆಪಾ ಕಡೆಯವರು, ಪಟ ಇರೋ ಕಡೆ ನಮಗೆ ನಮಾಜ್ ಮಾಡೋಕಾಗಲ್ಲ ಅಂದರು. ಗುಂಡಿ ಹಾಕುವ ಒಬ್ಬಳು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗೋಳು, “ನಮಗೆ ದಿಕ್ಕಿನ ತಕರಾರಿಲ್ಲ, ಮಂಡಿನೋವು ಇರೋದ್ರಿಂದ ಒಂದು ಕುರ್ಚಿ ಹಾಕ್ಸಿ ಸಾಕು,” ಅಂದಳು. ಪಿ.ಎಂ. ಸಾರ್ ಒಂದು ಹಾಳೆಯಲ್ಲಿ ಕೋಣೆಯ ನಕ್ಷೆ ಬರೆದು ಪರದೆ ಎಲ್ಲಿ, ಪಟ ಎಲ್ಲಿ ಅಂತ ಗೆರೆ ಎಳೀತಾ ಹೋದರು. ಅವರು ಎಳೆದ ಗೆರೆಗಳ ನಡುವೆ ಮನುಷ್ಯರು ಕೂರೋಕೇ ಜಾಗ ಉಳಿಯಲಿಲ್ಲ. ದನಿ ಏರತೊಡಗಿತು. ಮಾಲೀಕರು ಹೇಳಿದ್ದೇ ನಿಜವಾಗ್ತಿದೆಯಲ್ಲಪ್ಪಾ ಅನ್ನಿಸ್ತು ನನಗೆ.

ಆಗ ದೊಡ್ಡಮ್ಮ ಡಬ್ಬಿಯ ಮುಚ್ಚಳ ಹಾಕಿ ಎದ್ದಳು. “ಗೋಡೆ ಮೇಲೆ ಏನೂ ಬೇಡ ಕಣ್ರೇ. ಊಟ ಹೇಗೆ ಅವರವರ ಮನೆಯಿಂದ ಅವರವರು ತರ್ತೀವೋ, ದೇವರನ್ನೂ ಹಾಗೇ ತರೋಣ. ಸಂಜೆ ವಾಪಸ್ ತಗೊಂಡು ಹೋಗೋಣ. ಕೋಣೆ ಖಾಲಿ ಇರ್ಲಿ.”

ಆಪಾ ಅವಳ ಕೈ ಹಿಡ್ಕೊಂಡಳು. ಸಭೆ ಮುಗೀತು. ಒಂದೇ ಮಾತು, ಎಲ್ಲರ ಸಹಿ. ಮಾಲೀಕರು ಆ ಹಾಳೆಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಉದ್ಘಾಟನೆಗೆ ಅವರೇ ಬಂದರು, ಕೈಯಲ್ಲಿ ತೆಂಗಿನಕಾಯಿ. ಬಾಗಿಲು ತೆಗೆದು ನೋಡಿದರೆ ಸುಣ್ಣ ಹೊಡೆದ ನಾಲ್ಕು ಗೋಡೆ, ಒಂದು ಚಾಪೆ, ಒಂದು ಕುರ್ಚಿ, ಒಂದು ಫ್ಯಾನು.

“ಏನೂ ಇಲ್ವಲ್ಲಮ್ಮ! ಕಾಯಿ ಎಲ್ಲಿ ಒಡೀಲಿ?”

“ಕ್ಯಾಂಟೀನಲ್ಲಿ ಒಡೀರಿ ಸಾರ್, ಚಟ್ನಿ ಆಗುತ್ತೆ,” ಅಂದ ಕ್ಯಾಂಟೀನ್ ಅಣ್ಣ.

ಮಾಲೀಕರು ಕಾಯಿ ಅವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಚಾಪೆ ಮೇಲೆ ಕೂತರು. ಪರೀಕ್ಷೆ ಮಾಡೋಕೆ ಅಂತ ಕೂತವರು ಏಳಲೇ ಇಲ್ಲ. ಹೊರಗೆ ನಾವೆಲ್ಲ ಕಾದೆವು. ಸುಮಾರು ಅರ್ಧ ಗಂಟೆ ಆದ ಮೇಲೆ ಕಣ್ಣೊರೆಸಿಕೊಳ್ತಾ ಹೊರಗೆ ಬಂದರು.

“ಮನೇಲಿ ಎರಡು ಗಂಟೆ ಪೂಜೆ ಮಾಡ್ತೀನಿ, ನಡುವೆ ಹತ್ತು ಸಲ ಫೋನ್ ಬರುತ್ತೆ. ಇಷ್ಟು ನೆಮ್ಮದಿಯಾಗಿ ಕೂತು ಎಷ್ಟು ವರ್ಷ ಆಗಿತ್ತೋ! ಇನ್ಮೇಲೆ ದಿನಾ ನಾನೂ ಇಲ್ಲಿಗೇ ಬರ್ತೀನಿ.”

ದೊಡ್ಡಮ್ಮ ಸೆರಗು ಸರಿ ಮಾಡ್ಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು: “ಧಾರಾಳವಾಗಿ ಬನ್ನಿ ಸಾರ್. ಆದ್ರೆ ನಮ್ಮ ಹಾಗೇ ಸೂಪರ್‌ವೈಸರ್ ಹತ್ರ ಟೋಕನ್ ತಗೊಂಡು ಬರ್ಬೇಕು. ಮತ್ತೆ, ಒಬ್ಬೊಬ್ಬರಿಗೆ ಹತ್ತೇ ನಿಮಿಷ.”

ತಾರೀಖು ಹಾಕೋ

ಇಷ್ಟೆಲ್ಲ ಆದರೂ, ನಾನು ಮನೆಯಲ್ಲಿ ಹೇಳಿ ಹೇಳಿ ನಕ್ಕಿದ್ದು ಒಂದು ಶುಕ್ರವಾರದ ಸಂಗತಿ.

ಆ ವರ್ಷದ ಬಿಸಿಲಿಗೆ ಮೂರನೇ ಮಹಡಿ ಕಾದ ಹೆಂಚಾಗಿತ್ತು. ಬಿಸಿಗಾಳಿ ಎಳೆದು ಹೊರಗೆ ಹಾಕೋ ಎರಡು ದೊಡ್ಡ ಫ್ಯಾನು ಕೆಟ್ಟು ನಿಂತಿದ್ದವು. ಹೆಂಗಸರ ಟಾಯ್ಲೆಟ್ಟಿನ ಒಂದು ಬಾಗಿಲಿಗೆ ಚಿಲಕ ಇರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅದಕ್ಕೆ ಹೆದರಿ ಎಷ್ಟೋ ಜನ ನೀರು ಕುಡಿಯೋದನ್ನೇ ಬಿಟ್ಟಿದ್ದರು. ನಾನು ನಾಲ್ಕು ಸಲ ಬರೆದು ಕೊಟ್ಟೆ. ನಾಲ್ಕು ಸಲವೂ ಪಿ.ಎಂ. ಸಾರ್, “ಪ್ರಪೋಸಲ್ ಹೋಗಿದೆ ಮೇಡಂ,” ಅಂದರು. ಐದನೇದು ಬರೀತಾ ಕೂತಿದ್ದೆ.

ಮೇಲಿಂದ ಒಂದು ಕೂಗು ಕೇಳಿಸ್ತು. ಓಡಿದೆ.

ತೋಳಿನ ತುದಿಯ ಕಫ್ ಹೊಲಿಯುವ ಒಬ್ಬಳು ಕೆಂಗೇರಿ ಕಡೆಯವಳು. ಎದುರಿಗೆ ನಿಂತು ಮಾತಾಡಿಸಿದರೂ ನೆಲ ನೋಡಿ ‘ಹ್ಞೂಂ’ ಅನ್ನೋಳು. ಅವಳು ಲೈನಿನ ಮಧ್ಯ ಕೂದಲು ಬಿಚ್ಚಿ ನಿಂತಿದ್ದಾಳೆ. ಮೈಯೆಲ್ಲ ನಡುಗ್ತಿದೆ, ಕಣ್ಣು ಕೆಂಡ. “ಮೈಮೇಲೆ ಅಮ್ಮನೋರು ಬಂದವ್ರೆ!” ಅಂತ ಯಾರೋ ಕೂಗಿದರು. ಮಷಿನ್‌ಗಳೆಲ್ಲ ನಿಂತವು. ಕ್ಯಾಂಟೀನ್‌ನಿಂದ ಒಂದು ಚೊಂಬು ಅರಿಶಿನದ ನೀರು ಬಂತು.

ಪಿ.ಎಂ. ಸಾರ್ ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದರು. “ಏನಿದು? ಆಂಬುಲೆನ್ಸ್‌ಗೆ...”

“ಯಾರೋ ನೀನು?” ಅಂತು ಆ ದನಿ. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ!

ಪಿ.ಎಂ. ಸಾರ್ ಕೈಗಳು ತಾವಾಗೇ ಜೋಡಿಸಿಕೊಂಡವು. “ಪ್ರೊಡಕ್ಷನ್ ಮ್ಯಾನೇಜರ್, ತಾಯಿ.”

“ನನ್ನ ಮಕ್ಕಳು ಬೆಂದು ಹೋಗ್ತಾ ಅವ್ರೆ. ಗಾಳಿ ಎಲ್ಲೋ?”

“ಪ್ರಪೋಸಲ್ ಹೋಗಿದೆ ತಾಯಿ.”

“ಎಲ್ಲಿಗೆ ಹೋಗೈತೆ?”

“ಹೆಡ್ ಆಫೀಸಿಗೆ.”

“ನಾನೇ ಹೋಗ್ಲಾ ಹೆಡ್ ಆಫೀಸಿಗೆ?”

“ಬೇಡ ತಾಯಿ! ನೀವ್ಯಾಕೆ ತೊಂದ್ರೆ ತಗೋತೀರ! ಸೋಮವಾರದೊಳಗೆ ಫ್ಯಾನ್ ತಿರುಗುತ್ತೆ.”

“ಬಾಗಿಲಿಗೆ ಚಿಲಕ?”

“ಅದೂ ಸೋಮವಾರ.”

“ಅದಕ್ಕೂ ಸೋಮವಾರದವರೆಗೆ ಕಾಯ್ಬೇಕೇನೋ? ಒಂದು ಚಿಲಕಕ್ಕೆ?”

“ಇವತ್ತೇ ತಾಯಿ! ಈಗ್ಲೇ!”

ನಾನು ಗೋಡೆಗೆ ಒರಗಿ ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಅಮ್ಮನವರು ಗಿರ್ರನೆ ನನ್ನ ಕಡೆ ತಿರುಗಿದರು.

“ನೀನೇನೇ ನೋಡ್ತಾ ನಿಂತಿದೀಯ? ಬರ್ಕೊಳ್ಳೇ!”

ಕೈಯಲ್ಲಿ ಐದನೇ ಅರ್ಜಿ ಇತ್ತಲ್ಲ, ಅದರ ಕೆಳಗೇ ಬರೆದೆ: ಫ್ಯಾನು ಸೋಮವಾರ, ಚಿಲಕ ಇವತ್ತು. ಪಿ.ಎಂ. ಸಾರ್ ಮುಂದೆ ಹಿಡಿದೆ. ಸಹಿ ಹಾಕಿದರು.

“ತಾರೀಖು ಹಾಕೋ!”

ತಾರೀಖೂ ಹಾಕಿದರು. “ಇನ್ನೇನಾದ್ರೂ ಬೇಕಾ ತಾಯಿ?”

“ಮಜ್ಜಿಗೆ.”

“ತಗೊಂಬನ್ರೋ, ಅಮ್ಮನೋರಿಗೆ ಒಂದು ಲೋಟ ಮಜ್ಜಿಗೆ!”

“ನನಗಲ್ವೋ! ಎಲ್ಲರಿಗೂ! ಬೇಸಿಗೆ ಮುಗಿಯೋವರೆಗೂ!”

ಅಷ್ಟು ಹೇಳಿ ಅವಳು ಕುಸಿದಳು. ಆಪಾ, ದೊಡ್ಡಮ್ಮ ಇಬ್ಬರೂ ಹಿಡ್ಕೊಂಡರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು, ನೆಲ ನೋಡ್ತಾ, “ಏನಾಯ್ತು ಮೇಡಂ?” ಅಂತ ಮೆಲ್ಲಗೆ ಕೇಳಿದಳು.

ನಾನೇ ಅವಳನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ನಮ್ಮ ಬಸವೇಶ್ವರನಗರದ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಡಾಕ್ಟರು ನಾಲಿಗೆ ನೋಡಿ, “ಎಷ್ಟು ದಿನದಿಂದ ಸರಿಯಾಗಿ ನೀರು ಕುಡಿದಿಲ್ಲ ಈಕೆ?” ಅಂತ ನನ್ನನ್ನೇ ಗದರಿದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಡ್ರಿಪ್ ಹಾಕಿಸಿ ಮನೆಗೆ ಬಿಟ್ಟು ಬಂದೆ.

ಅವತ್ತೇ ಸಂಜೆ ಚಿಲಕ ಬಂತು. ಸೋಮವಾರ ಎರಡೂ ಫ್ಯಾನು ತಿರುಗಿದವು. ಹನ್ನೊಂದು ಗಂಟೆಗೆ ಸರಿಯಾಗಿ ಮಜ್ಜಿಗೆ, ಅದಕ್ಕೆ ಶುಂಠಿ, ಕೊತ್ತಂಬರಿ ಬೇರೆ.

ಮಂಗಳವಾರ ಅವಳನ್ನ ನನ್ನ ಕೋಣೆಗೆ ಕರೆದು ಕೂರಿಸಿದೆ. “ಹೇಗಿದೀಯಮ್ಮ? ನಿಜ ಹೇಳು, ಅವತ್ತು ಏನಾಯ್ತು?”

“ನಂಗೇನೂ ನೆಪ್ಪಿಲ್ಲ ಮೇಡಂ. ಬೆಳಿಗ್ಗೆಯಿಂದ ತಲೆ ಸುತ್ತಾ ಇತ್ತು. ಅಮ್ಮನ್ನ ನೆನೆಸ್ಕೊಂಡು ಹೊಲೀತಾ ಇದ್ದೆ. ಆಮೇಲೆ ಏನೂ ಗೊತ್ತಾಗ್ಲಿಲ್ಲ.”

ಆ ಮುಖ ನೋಡಿದರೆ ಸುಳ್ಳು ಹೇಳೋ ಹೆಣ್ಣಲ್ಲ ಅನ್ನಿಸ್ತು. ನಾನು ನಾಲ್ಕು ಅರ್ಜಿಯಲ್ಲಿ ಮಾಡಲಾಗದ್ದನ್ನ ಯಾರು ಬಂದು ಮಾಡಿಕೊಟ್ಟರೋ, ಅವರಿಗೆ ಮನಸ್ಸಿನಲ್ಲೇ ಕೈ ಮುಗಿದು, “ನೀರು ಕುಡಿಯೋದು ಮರೀಬೇಡ,” ಅಂತ ಹೇಳಿ ಕಳಿಸಿದೆ.

ಅವಳು ಬಾಗಿಲವರೆಗೆ ಹೋದವಳು ನಿಂತಳು.

“ಮೇಡಂ, ಒಂದು ಡೌಟು.”

“ಹೇಳಮ್ಮ.”

“ಅವತ್ತು ಅಮ್ಮನೋರು ಕೆಂಗೇರಿ ಕಡೆಗೆ ಕಂಪನಿ ಬಸ್ಸು ಬಿಡೋ ವಿಷಯ ಏನಾದ್ರೂ ಕೇಳಿದ್ರಾ?”

“ಇಲ್ವಲ್ಲ.”

ಅವಳು ನೆಲ ನೋಡ್ತಾ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಹಂಗಾದ್ರೆ ಮೇಡಂ, ಬರೋ ಶುಕ್ರವಾರ ಪಿ.ಎಂ. ಸಾರ್ ರಜಾ ಹಾಕದಂಗೆ ನೋಡ್ಕೊಳ್ಳಿ.”